ಇಪ್ಪತ್ತು ಪರ್ಸೆಂಟ್ ಎಣ್ಣೆ ಹೊಡೆದ ಮಾರುತಿ

ಮೈಸೂರಿನ ಕುವೆಂಪುನಗರದ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತಿದ ಮಾರುತಿ 800. ಎದುರಿಗೆ ಕಾರಿನ ಯಜಮಾನ ಶ್ರೀಕಂಠಯ್ಯ, ಯಜಮಾನರ ಯಜಮಾನಿ ಸರೋಜಮ್ಮ. ಇಬ್ಬರ ಮಾತಿಗೂ ಕಿವಿಗೊಡದೆ ಪೆಟ್ರೋಲ್ ಪೈಪನ್ನು ಹಿಸುಕಿ ನೋಡುತ್ತಿದ್ದವನು ಮೆಕ್ಯಾನಿಕ್ ಬಾಷಾ.

“ಬಾಷಾ, ಇದಕ್ಕೆ ಕುಡಿಯೋ ಚಟ ಹತ್ತಿದೆ ಕಣಯ್ಯ.”

“ಮೊದಲಿಂದಾನೂ ಕುಡಿಯುತ್ತೆ ಸಾರ್. ಕಾರಲ್ವಾ.”

“ಪೆಟ್ರೋಲಲ್ಲ, ಎಣ್ಣೆ! ಈಗ ಬಂಕಲ್ಲಿ ಹಾಕೋದೆಲ್ಲ ಇ20. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಅಂದ್ರೇನು? ಆಲ್ಕೋಹಾಲ್. ನಮ್ಮ ವಂಶದಲ್ಲಿ ಮೂರು ತಲೆಮಾರಿಂದ ಒಬ್ಬರೂ ಮುಟ್ಟಿಲ್ಲ.”

“ನಿಮ್ಮ ತಮ್ಮ?” ಎಂದರು ಸರೋಜಮ್ಮ.

“ಅವನು ಬೆಂಗಳೂರಲ್ಲಿದ್ದಾನೆ, ಲೆಕ್ಕಕ್ಕಿಲ್ಲ. ಬಾಷಾ, ಬೆಳಗ್ಗೆ ಎಬ್ಬಿಸಿದ್ರೆ ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಏಳುತ್ತೆ. ಹ್ಯಾಂಗೋವರ್ ಅಲ್ದೆ ಇನ್ನೇನು?”

“ಸ್ಪಾರ್ಕ್ ಪ್ಲಗ್ ಸಾರ್.”

“ಕುಡಿದ ಕಾರಲ್ಲಿ ನಂಜನಗೂಡಿಗೆ ಹೋಗೋದಾದ್ರೂ ಹೇಗೆ?”

“ಜಗತ್ತಿನ ವಿಷಾನೇ ಕುಡಿದು ಕೂತಿರೋ ದೇವರು ಅವನು. ನಿಮ್ಮ ಇಪ್ಪತ್ತು ಪರ್ಸೆಂಟಿಗೆ ಮುಖ ತಿರುಗಿಸ್ತಾನಾ?” ಎಂದರು ಸರೋಜಮ್ಮ.

“ದಾರೀಲಿ ಪೊಲೀಸರು ಊದಿಸಿದ್ರೆ? ಮಷೀನು ನನ್ನ ಬಾಯಿಗೆ ಹಿಡೀತಾರೋ ಸೈಲೆನ್ಸರಿಗೆ ಹಿಡೀತಾರೋ?”

ತಮಾಷೆ ಒಂದು ಸಲಕ್ಕೆ ಚೆನ್ನ, ಎರಡು ಸಲಕ್ಕೆ ಪರವಾಗಿಲ್ಲ. ಶ್ರೀಕಂಠಯ್ಯನವರು ಬ್ಯಾಂಕಿನಲ್ಲಿದ್ದಾಗ ಲೋನ್ ಕೊಡುವುದಕ್ಕೆ ಹಿಡಿತವಿತ್ತು, ಜೋಕಿಗೆ ಯಾವತ್ತೂ ಇರಲಿಲ್ಲ. ಕಾರಿಗೆ ನಿಂಬೆಹಣ್ಣಿನ ಪಾನಕ ಕುಡಿಸಿದರೆ ಅಮಲು ಇಳಿದೀತೇ ಎಂಬಲ್ಲಿಗೆ ಬಂದಾಗ ಬಾಷಾ ಸ್ಪ್ಯಾನರ್ ಕೆಳಗಿಟ್ಟ.

“ಸಾರ್, ನಿಮ್ಮ ಕಾರು ನಿನ್ನೆ ಮೊನ್ನೆ ಕುಡಿಯೋಕೆ ಕಲಿತಿದ್ದಲ್ಲ. ಪೆಟ್ರೋಲಿಗೆ ಶೇ. 5 ಎಥನಾಲ್ ಬೆರೆಸಿ ಅಂತ 2003ರಲ್ಲೇ ಒಂಬತ್ತು ರಾಜ್ಯಕ್ಕೆ ಹೇಳಿದ್ರು, ಅದರಲ್ಲಿ ನಮ್ಮದೂ ಒಂದು. ನಿಮ್ಮ ಗಾಡಿ 2001ರದ್ದು. ಎರಡು ವರ್ಷದ ಕೂಸಿಗೇ ತುಟಿ ಒದ್ದೆ ಆಗಿದೆ. 2022ಕ್ಕೆ ದೇಶದಲ್ಲಿ ಶೇ. 10 ಆಯ್ತು, ಆಗಲೂ ನಿಮಗೆ ಗೊತ್ತಾಗಲಿಲ್ಲ. 2023ರ ಫೆಬ್ರವರಿಯಲ್ಲಿ ಪ್ರಧಾನಿ ಇ20ಗೆ ಚಾಲನೆ ಕೊಟ್ಟಿದ್ದು ಎಲ್ಲಿ? ಬೆಂಗಳೂರಲ್ಲಿ. 2030ಕ್ಕೆ ಅಂತಿದ್ದ ಗುರೀನ 2025ಕ್ಕೆ ಎಳೆದುಕೊಂಡ್ರು. ಇಷ್ಟೂ ವರ್ಷ ಕದ್ದು ಕುಡೀತಿತ್ತು, ಈಗ ನಿಮಗೆ ವಾಟ್ಸಾಪಲ್ಲಿ ಸುದ್ದಿ ಬಂದಿದೆ.”

“ಹಾಗಾದ್ರೆ ಏನೂ ಆಗಲ್ಲ ಅಂತೀಯಾ?”

“ಆಗುತ್ತೆ. ಎಥನಾಲಲ್ಲಿ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. ಹಳೇ ನಮೂನೆ ಕಾರಿಗೆ ಮೈಲೇಜು ಶೇ. 6ರಿಂದ 7 ಇಳೀಬಹುದು ಅಂತ ನೀತಿ ಆಯೋಗದ 2021ರ ವರದೀಲೇ ಇದೆ. ಮೇಲಾಗಿ ಎಥನಾಲ್ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ಹಳೇ ರಬ್ಬರಿಗೂ ಅದಕ್ಕೂ ಆಗಿಬರಲ್ಲ. ಈ ಪೈಪು ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರೋದು ತಮಾಷೆ ಮಾತಲ್ಲ. ಪೈಪು, ಸೀಲು, ಫಿಲ್ಟರ್ ಬದಲಾಯಿಸೋಣ. ತಿಂಗಳುಗಟ್ಟಲೆ ನಿಲ್ಲಿಸ್ಬೇಡಿ, ಓಡಿಸ್ತಾ ಇರಿ.”

“ಎಥನಾಲ್ ಇಲ್ಲದ 100 ಆಕ್ಟೇನ್ ಪೆಟ್ರೋಲ್ ಸಿಗುತ್ತಂತಲ್ಲ?”

ಸರೋಜಮ್ಮ ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದರು. ಬ್ಯಾಂಕಿನವರ ಮನೆಯಲ್ಲಿ ಲೆಕ್ಕ ಯಾವಾಗಲೂ ಬ್ಯಾಂಕಿಗೆ ಹೋಗದವರ ಕೈಯಲ್ಲೇ ಇರುತ್ತದೆ.

“ತಿಂಗಳಿಗೆ ನಾವು ಓಡಿಸೋದು 300 ಕಿಲೋಮೀಟರ್. ಲೀಟರಿಗೆ 15 ಕೊಟ್ರೆ 20 ಲೀಟರ್. 103ರಂತೆ 2,060 ರೂಪಾಯಿ. ಶೇ. 7 ನಷ್ಟ ಅಂದ್ರೆ ಒಂದೂವರೆ ಲೀಟರ್ ಜಾಸ್ತಿ, 155 ರೂಪಾಯಿ. ನಿಮ್ಮ 100 ಆಕ್ಟೇನ್ ಲೀಟರಿಗೆ 160ರ ಮೇಲೆ. 155 ಉಳಿಸೋಕೆ ಸಾವಿರ ಸುರೀತೀರಾ? ಆ ಅಯಸ್ಕಾಂತಕ್ಕೆ ಎಷ್ಟು ಕೊಟ್ರಿ?”

ಶ್ರೀಕಂಠಯ್ಯ ಬಾನೆಟ್ಟಿನ ಒಳಗೇನೋ ಹುಡುಕತೊಡಗಿದರು.

“ಯಾವ ಅಯಸ್ಕಾಂತ?” ಎಂದ ಬಾಷಾ. ಕೇಳುವ ಹೊತ್ತಿಗೆ ಅವನ ಬೆರಳು ಪೈಪಿಗೆ ಕಟ್ಟಿದ್ದ ಎರಡು ಕಪ್ಪು ತುಂಡುಗಳ ಮೇಲಿತ್ತು.

“ಅದು... ಪೆಟ್ರೋಲಿನ ಕಣಗಳನ್ನ ಸಾಲಾಗಿ ನಿಲ್ಲಿಸುತ್ತಂತೆ. 1,200 ರೂಪಾಯಿ. ಮೈಲೇಜು ಶೇ. 25 ಏರುತ್ತಂತೆ.”

“ಸಾಲಾಗಿ ನಿಂತು ಏನ್ಮಾಡ್ತವೆ, ರೇಷನ್ ತಗೊಳ್ತವಾ? ಪೆಟ್ರೋಲ್ ಕಬ್ಬಿಣ ಅಲ್ಲ ಸಾರ್, ಅಯಸ್ಕಾಂತಕ್ಕೆ ಅಂಟೋಕೆ. ಎರಡು ತುಂಡು ಮ್ಯಾಗ್ನೆಟ್ಟಿಗೆ ಶೇ. 25 ಬರೋದಾಗಿದ್ರೆ ಕಾರು ಕಂಪನಿಗಳು ಕೋಟಿಗಟ್ಟಲೆ ಸುರಿದು ಇಂಜಿನ್ ಯಾಕೆ ಬದಲಾಯಿಸ್ತಿದ್ವು, ಫ್ಯಾಕ್ಟ್ರೀಲೇ ಕಟ್ಟಿ ಕಳಿಸ್ತಿರಲಿಲ್ವಾ?”

ಶ್ರೀಕಂಠಯ್ಯನವರ ಮಗನಿಗೆ ಇನ್ನೊಂದು ಹುಚ್ಚು. ಗುರುಗ್ರಾಮದಲ್ಲಿರುವ ಅವನು ವಾರಕ್ಕೊಮ್ಮೆ ಫೋನ್ ಮಾಡಿ, ಹದಿನೈದು ವರ್ಷ ದಾಟಿದ ಕಾರನ್ನು ಪೊಲೀಸರು ಮನೆ ಬಾಗಿಲಿಂದಲೇ ಎತ್ತಿಕೊಂಡು ಹೋಗುತ್ತಾರೆ ಎಂದು ಹೆದರಿಸುತ್ತಾನೆ. ಅದು ದೆಹಲಿಯ ಸೀಮೆಯ ಕತೆ. 2025ರ ಜುಲೈ 1ರಿಂದ ಅಲ್ಲಿನ ಬಂಕುಗಳಲ್ಲಿ ಹಳೇ ಗಾಡಿಗಳಿಗೆ ಇಂಧನ ನಿಲ್ಲಿಸಿ, ಗಲಾಟೆಯಾಗಿ, ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆಗೆಯಿತು. ಕರ್ನಾಟಕದಲ್ಲಿ ಸ್ವಂತ ಕಾರಿಗೆ ಹದಿನೈದು ತುಂಬಿದರೆ ಎಫ್‌ಸಿ ಮಾಡಿಸಬೇಕು, ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸಬೇಕು. ಸ್ಕ್ರಾಪಿಗೆ ಹಾಕುವುದು ಮಾಲೀಕರ ಇಷ್ಟ.

ಆದರೆ ಶುಲ್ಕ?

“ಕಳೆದ ಸಲ, 2021ರಲ್ಲಿ ನವೀಕರಣ ಶುಲ್ಕ ಎಷ್ಟಿತ್ತು?” ಎಂದ ಬಾಷಾ.

“600,” ಪುಸ್ತಕದಿಂದ ಉತ್ತರ ಬಂತು.

“2022ರ ಏಪ್ರಿಲ್‌ನಿಂದ ಅದು 5,000. ಮತ್ತೆ 2025ರ ಆಗಸ್ಟಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ನಿಮ್ಮದಕ್ಕೆ ಇಪ್ಪತ್ತೈದು ವರ್ಷ.”

“ಕೊಡೋಣ ಬಿಡಯ್ಯ. ಇದು ಖರ್ಚಲ್ಲ, ಹೂಡಿಕೆ!” ಶ್ರೀಕಂಠಯ್ಯನವರ ಮುಖ ಅರಳಿತು. ಈ ಮಾತಿಗಾಗಿಯೇ ಅವರು ಬೆಳಗಿನಿಂದ ಕಾದಿದ್ದರು. “ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂ ನೋಡಿದ್ದೀಯಾ? ಹಳೇ ಕಾರು ನೋಡೋಕೆ ಜನ ಟಿಕೆಟ್ ತಗೋತಾರೆ. ಇದೂ ವಿಂಟೇಜ್ ಆಗುತ್ತೆ. ಮೊಮ್ಮಗ ಕೋಟಿಗೆ ಮಾರ್ತಾನೆ.”

ಈಚೆಗೆ ಈ ರೋಗ ಜೋರು. ಧೂಳು ಹಿಡಿದ ಕಾರಿಗೆ ಪಾಲಿಶ್ ಹೊಡೆಸಿ, ಹಳೇ ಹಾಡು ಸೇರಿಸಿ ರೀಲ್ಸ್ ಹಾಕಿದವರೆಲ್ಲ ತಮ್ಮ ಶೆಡ್ಡಿನಲ್ಲಿ ನಿಧಿಯಿದೆ ಎಂದುಕೊಂಡಿದ್ದಾರೆ.

“ಸಾರ್, ಮಾರುತಿ 800 ಕಾರುಗಳೇ ಇಪ್ಪತ್ತೈದು ಲಕ್ಷಕ್ಕೂ ಮೇಲೆ ತಯಾರಾಗಿವೆ. 2014ರ ತನಕ ಮಾಡಿದ್ರು. ಕಂಪನಿಯವರು ಪ್ರದರ್ಶನಕ್ಕಿಟ್ಟಿದ್ದು, 1983ರ ಡಿಸೆಂಬರಲ್ಲಿ ಇಂದಿರಾ ಗಾಂಧಿ ಕೈಯಿಂದ ಹರ್ಪಾಲ್ ಸಿಂಗ್ ಕೀಲಿ ತಗೊಂಡ ಮೊಟ್ಟಮೊದಲ ಕಾರು. ನಿಮ್ಮ ಕೀಲಿ ಕೊಟ್ಟೋರು ಯಾರು?”

“ಶೋರೂಮಿನ ಹುಡುಗ.”

“ಕೇಂದ್ರದ 2021ರ ನಿಯಮದಲ್ಲಿ ವಿಂಟೇಜ್ ಅನ್ನಿಸ್ಕೊಳ್ಳೋಕೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು.”

ಸರೋಜಮ್ಮನ ಪೆನ್ನು ಓಡಿತು. “2051. ನಿಮಗೆ ಆಗ 92. ಅಲ್ಲೀತನಕ ಐದು ಸಲ ನವೀಕರಣ, ಇವತ್ತಿನ ರೇಟಲ್ಲೇ 50,000. ಆಮೇಲೆ?”

“ವಿಂಟೇಜ್ ರಿಜಿಸ್ಟ್ರೇಷನ್ನಿಗೆ 20,000. ಅದಾದ ಮೇಲೆ ದಿನಾ ಓಡಿಸೋ ಹಾಗಿಲ್ಲ ಅಮ್ಮ. ಮೇಳ, ಪ್ರದರ್ಶನ, ರಿಪೇರಿ ಅಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸ್ಬಹುದು.”

“ಅಂದ್ರೆ 70,000 ಕೊಟ್ಟು, ತರಕಾರಿ ತರೋಕೂ ಆಗದ ಕಾರು ಮಾಡ್ಕೊಳ್ಳೋದು.”

“ಹಾಗಾದ್ರೆ ಮಾರಿ ಹೊಸದು ತಗೊಳ್ಳೋಣ್ವಾ?” ಶ್ರೀಕಂಠಯ್ಯನವರ ದನಿ ಇಳಿದಿತ್ತು.

ಇಲ್ಲಿ ಬಾಷಾ ಮೆಕ್ಯಾನಿಕ್ಕಿಗಿಂತ ಸ್ವಲ್ಪ ಹೆಚ್ಚೇ ಮಾತಾಡಿದ. “ಯಾಕೆ? 10,000ವನ್ನ 60 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 167. ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ 2,094, ಮೇಲೆ ಜಿಎಸ್‌ಟಿ. ಅದೇ ಹೊಸ ಕಾರಿಗೆ ಐದು ಲಕ್ಷ ಸಾಲ ಅಂದ್ರೆ, ಶೇ. 9 ಬಡ್ಡೀಲಿ ಐದು ವರ್ಷ, ತಿಂಗಳಿಗೆ 10,300ರ ಮೇಲೆ ಕಂತು. ತಿಂಗಳಿಗೆ 300 ಕಿಲೋಮೀಟರ್ ಓಡಿಸೋರಿಗೆ ಹಳೇ ಕಾರು ಇನ್ನೂ ಅಗ್ಗವೇ. ದಿನಾ ಬೆಂಗಳೂರಿಗೆ ಹೋಗಿಬರೋರಿಗೆ ಅಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಎಕ್ಸ್‌ಪ್ರೆಸ್‌ವೇಗೆ ಇದನ್ನ ತಗೊಂಡು ಹೋಗ್ಬೇಡಿ. ಇಷ್ಟ ಅಂತ ಇಟ್ಕೊಳ್ಳಿ, ಬೇಡ ಅನ್ನಲ್ಲ. ಲಾಭಕ್ಕೆ ಅಂತ ಮಾತ್ರ ಹೇಳ್ಬೇಡಿ, ನಗು ಬರುತ್ತೆ.”

ಇಷ್ಟು ಹೇಳಿ ಅವನು ಮುಂದೆ ಬಂದು ನಂಬರ್ ಪ್ಲೇಟ್ ನೋಡಿದ.

“ಸಾರ್, ಎಚ್‌ಎಸ್‌ಆರ್‌ಪಿ ಎಲ್ಲಿ? 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆಲ್ಲ ಹಾಕಿಸಿ ಅಂತ ಎಷ್ಟು ಸಲ ಗಡುವು ಮುಂದೂಡಿದ್ರು! ಅದಿಲ್ದೆ ಆರ್‌ಟಿಒ ಕಡೆ ತಲೆ ಹಾಕ್ಬೇಡಿ.”

“ಒರಿಜಿನಲ್ ಲುಕ್ ಹೋಗುತ್ತೆ ಅಂತ ಬಿಟ್ಟಿದ್ದೆ ಕಣಯ್ಯ.”

ಸರೋಜಮ್ಮ ಗಂಡನ ಫೋನ್ ಕಿತ್ತುಕೊಂಡು ಅಲ್ಲೇ ಬುಕ್ ಮಾಡಿದರು. ಒಟಿಪಿ ಓದಿ ಹೇಳಿದ ಮೇಲೆ ಶ್ರೀಕಂಠಯ್ಯ ಬಾಷಾನ ಕಿವಿಯ ಹತ್ತಿರ ಬಗ್ಗಿದರು.

“ಈ ಹಳೇ ಪ್ಲೇಟು ಎರಡೂ ಜೋಪಾನವಾಗಿ ಬಿಚ್ಚಿಡು. ಬರೀ ಪ್ಲೇಟಿಗೂ ಏನಾದ್ರೂ ರೇಟಿರುತ್ತೇನೋ.”

“ಇರುತ್ತೆ ಸಾರ್. ಗುಜರಿಯವನು ಕೆಜಿ ಲೆಕ್ಕದಲ್ಲಿ ತಗೋತಾನೆ.”