ಮೂತಿಗೊಂದು ಕಟಕಟೆ

ಹಾಯಿದೋಣಿಯ ಮೂತಿಯಲ್ಲಿ ನಿಂತು ಹಾಯಿ ಬದಲಿಸುವವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಅದಕ್ಕೇ ಬೌ ಪಲ್ಪಿಟ್ ಇರುವುದು: ಸ್ಟೀಲ್ ಪೈಪು ಬಾಗಿಸಿ ಕೂರಿಸಿದ ಕಟಕಟೆ. ನಮ್ಮ ಹಳೆಯ ಕ್ಯಾಟಲಿನಾ 22 ದೋಣಿಗೆ ಅದಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಒಳನಾಡಿನ ಕಣಿವೆ ಕಾದು, ಗೋಲ್ಡನ್ ಗೇಟ್ ಮೂಲಕ ಕಡಲಿನ ತಣ್ಣನೆ ಗಾಳಿಯನ್ನು ಎಳೆದುಕೊಳ್ಳುತ್ತದೆ. 20-25 ನಾಟ್ ಅಲ್ಲಿ ಮಾಮೂಲು. ಆಗ ಮುಂದಿನ ದೊಡ್ಡ ಹಾಯಿ ಇಳಿಸಿ ಚಿಕ್ಕದನ್ನು ಏರಿಸಬೇಕು. ಕೊಂಡಿ ಬಿಡಿಸಲು ಎರಡು ಕೈ, ಬೀಳದಿರಲು ಇನ್ನೆರಡು. ನಮ್ಮ ದೇವರುಗಳಿಗೆ ನಾಲ್ಕು ಕೈ ಯಾಕೆಂದು ನನಗೆ ಹೊಳೆದದ್ದು ಅಲ್ಲಿ.

ಹಳೆ ಪಲ್ಪಿಟ್ ಒಂದು ಸಿಕ್ಕಿತು. ಸಿಕ್ಕಿದ ಕಥೆ ಬೇಡ. ಡೆಕ್ಕಿನಲ್ಲಿ ಎರಡು ಫೈಬರ್ ಪದರದ ನಡುವೆ ಮರ ಇರುತ್ತದೆ, ನೀರಿಳಿದರೆ ಒಳಗೊಳಗೇ ಕೊಳೆಯುತ್ತದೆ. ಹಾಗಾಗಿ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದೇ ಜಾಗದಲ್ಲಿ ಸಣ್ಣ ತೂತು ಕೊರೆಯಬೇಕು. ಮುಚ್ಚಿದ್ದನ್ನೇ ಮತ್ತೆ ಅಗೆಯುವ ವಿದ್ಯೆ ಬೆಂಗಳೂರಿನ ರಸ್ತೆಗಳಿಗಷ್ಟೇ ಮೀಸಲು ಅಂದುಕೊಂಡಿದ್ದೆ.

ಆಮೇಲೆ ನೀರಿಳಿಯದಂತೆ ಅಂಟು ಮೆತ್ತಿದ ಬೋಲ್ಟು. ಮೇಲಿನಿಂದ ಒಬ್ಬರು ಅದನ್ನು ಅಲ್ಲಾಡದಂತೆ ಹಿಡಿಯಬೇಕು, ಕೆಳಗಿನಿಂದ ಇನ್ನೊಬ್ಬರು ನಟ್ಟು ಬಿಗಿಯಬೇಕು. ಬೋಲ್ಟೇ ತಿರುಗಿದರೆ ಸುತ್ತಲಿನ ಅಂಟು ಹಾಳು. ಮೇಲೆ ನನ್ನ ಹೆಂಡತಿ, ಸ್ಕ್ರೂಡ್ರೈವರ್ ಸಮೇತ. ಕೆಳಗೆ ನಾನು, ದೋಣಿ ಚೂಪಾಗಿ ಮುಗಿಯುವ ಸಂದಿಯೊಳಗೆ ಅಂಗಾತ. ಒಂದು ಕೈ ಸ್ಪ್ಯಾನರ್ ಜೊತೆ. ಇನ್ನೊಂದು ಬೆನ್ನ ಕೆಳಗೆಲ್ಲೋ ಇತ್ತು, ಸುದ್ದಿಯಿರಲಿಲ್ಲ. ತೂತಿನಿಂದ ಬಿಳಿ ಅಂಟು ಹನಿಗಟ್ಟಿತು, ನೇರ ಮೀಸೆಯ ಮೇಲ್ಗಡೆ.

“ರೀ, ತಿರುಗಿಸ್ಲಾ?”

“ಬೇಡ್ವೇ! ಸುಮ್ನೆ ಹಿಡ್ಕೊ!”

“ಏನು, ತಿರುಗಿಸ್ಬೇಕಾ?”

ಹನಿ ಉದ್ದವಾಯಿತು. ಉಸಿರು ಬಿಟ್ಟರೆ ತೂಗುತ್ತಿತ್ತು, ಎಳೆದುಕೊಂಡರೆ ಹತ್ತಿರ ಬರುತ್ತಿತ್ತು. ಯೋಗದ ಮೇಷ್ಟ್ರು ಮೂಗಿನ ತುದಿ ನೋಡಿ ಎಂದಾಗೆಲ್ಲ ಕೈಕೊಟ್ಟ ಏಕಾಗ್ರತೆ ಈಗ ಕರೆಯದೇ ಬಂತು. ಅಷ್ಟರಲ್ಲಿ ಮೇಲೆ ಇನ್ನೊಂದು ಕಂಠ. ಪಕ್ಕದ ದೋಣಿಯ ಮಹಾಶಯ! ತನ್ನ ದೋಣಿಯ ಹಗ್ಗ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ, ಊರಿನ ದೋಣಿಗೆಲ್ಲ ಸಲಹೆ ಕೊಡುತ್ತಾನೆ. ಈ ಅಂಟು ಯಾಕೆ, ಬ್ಯೂಟೈಲ್ ಟೇಪ್ ಹಾಕಬೇಕಿತ್ತು ಎಂದು ಶುರುಮಾಡಿದ. ಇವಳು ಮರ್ಯಾದೆಗೆ ಅವನ ಕಡೆ ತಿರುಗಿದಳು. ಸ್ಕ್ರೂಡ್ರೈವರೂ ತಿರುಗಿತು.

ಒಮ್ಮೆ ಹಿಡಿದರೆ ನೀರಿನಡಿಯಲ್ಲೂ ಬಿಡುವುದಿಲ್ಲ ಎಂದು ಅಂಟಿನ ಟ್ಯೂಬಿನ ಮೇಲೆ ಬರೆದಿತ್ತು. ಸತ್ಯವಂತರು. ಮೀಸೆ ಬೋಳಿಸಬೇಕಾಯಿತು.

ಈ ಕೊಲ್ಲಿಯ ನೀರು ಬೇಸಿಗೆಯಲ್ಲೂ 15-16 ಡಿಗ್ರಿಯ ಆಸುಪಾಸು. ಬಿದ್ದವನಿಗೆ ಮೊದಲ ನಿಮಿಷದಲ್ಲೇ ಉಸಿರು ಹತೋಟಿ ತಪ್ಪುತ್ತದೆ, ಈಜು ಬಂದರೂ. ಮನೆಯಲ್ಲಿ ಆ ಮಾತು ಎತ್ತುವುದಿಲ್ಲ. ಆದರೆ ಮೊದಲೆಲ್ಲ ನಾನು ಮೂತಿಯ ಕಡೆ ತೆವಳಿದರೆ ಚುಕ್ಕಾಣಿ ಹಿಡಿದವಳು ಮಾತು ನಿಲ್ಲಿಸಿಬಿಡುತ್ತಿದ್ದಳು, ನಾನು ವಾಪಸ್ ಬರುವ ತನಕ.

ಈಗ ಹಾಗಿಲ್ಲ. ನಾನು ಕಟಕಟೆಯಲ್ಲಿ ನಿಂತ ಕೂಡಲೇ ಹಿಂದಿನಿಂದ ಪಾಟೀಸವಾಲು: “ರೀ, ಸ್ಟೌ ಆಫ್ ಮಾಡಿದ್ರಾ? ಅತ್ತೆಗೆ ಫೋನ್ ಮಾಡಿದ್ರಾ?” ಪೈಪು ಗಟ್ಟಿಯಾಗಿ ಹಿಡಿದುಕೊಂಡು ಎರಡಕ್ಕೂ ಹೌದು ಅನ್ನುತ್ತೇನೆ.