ಗಡಿ ದಾಟಿದ ಚೀಲ

(ನಿಪ್ಪಾಣಿ ಪ್ಯಾಟಿ. ಚಹಾ-ಭಜಿ ಅಂಗಡಿ ಮುಂದ ನಗರಸಭೆ ಸಾಹೇಬ್ರು, ಕೈಯಾಗ ಪಾವತಿ ಪುಸ್ತಕ.)

ಸಾಹೇಬ್ರು: ಕಾಕಾ, ಹಸಿ ಕಸ, ಒಣ ಕಸ ಬ್ಯಾರೆ ಮಾಡೀರೇನು?

ಕಾಕಾ: ಮಾಡೀನ್ರಿ. ಹಸೀದು ನಮ್ಮ ಗಟಾರಕ್ಕ, ಒಣಾದು ಬಾಜೂದವ್ರ ಗಟಾರಕ್ಕ.

ಸಾಹೇಬ್ರು: 2016ರ ನಿಯಮದಾಗ ಮೂರು ಪಾಲು ಇದ್ವು. ಹಸಿ, ಒಣ, ಅಪಾಯದ್ದು.

ಕಾಕಾ: ಅಪಾಯದ್ದಂದ್ರ ಉದ್ರಿ ಪುಸ್ತಕ ಏನ್ರಿ?

ಸಾಹೇಬ್ರು: ಸೆಲ್ಲು, ಬಲ್ಬು, ಹಳೇ ಔಷಧ! ಈ ಪ್ಲಾಸ್ಟಿಕ್ ಚೀಲ ಯಾಕ ತೂಗ್ಯಾಡಾಕತ್ತಾವ? ಕರ್ನಾಟಕದಾಗ 2016ಕ್ಕ ಬಂದ್ ಆಗ್ಯಾವ.

ಕಾಕಾ: ಇವು ಕಾಗಲದಿಂದ ಬಂದಾವ್ರಿ, ಮಹಾರಾಷ್ಟ್ರದವು.

ಸಾಹೇಬ್ರು: ಅಲ್ಲೂ 2018ಕ್ಕ ಬಂದ್ ಆಗ್ಯಾವ.

ಕಾಕಾ: ಅದಕ್ಕ ಪಾಪ, ಇಲ್ಲಿ ಬಂದಾವ. ಗಡಿ ತಂಟೆ ಮುಗಿಯೂ ಮಟಾ ಇರ್ಲಿ ಬಿಡ್ರಿ.

ಸಾಹೇಬ್ರು: ಮತ್ತ ಈ ಪ್ಲಾಸ್ಟಿಕ್ ಕಪ್ಪು? ಒಮ್ಮೆ ಬಳಸಿ ಒಗಿಯೂವು 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂದ್!

ಕಾಕಾ: ಒಮ್ಮೆ ಎಲ್ಲೀದ್ರಿ? ತೊಳದು ನಾಕು ಗಿರಾಕಿಗೆ ಕೊಡ್ತೀನಿ. ನೀವು ಈಗ ಕುಡದದ್ದು ಐದನೇ ಸಲ.

ಸಾಹೇಬ್ರು: (ಕೆಮ್ಮಿ) ತಗೋರಿ ದಂಡದ ಪಾವತಿ!

ಕಾಕಾ: ಮಳಿ ಬರಾಕತ್ತೈತ್ರಿ. ಪಾವತಿ ತೊಯ್ದೀತು, ಆ ಚೀಲದಾಗ ಹಾಕಿ ಕೊಡ್ರಿ.