ಎಂಟು ಕೊಂಬಿನ ಪೆಟ್ಟಿಗೆ ಮಾರುವವರಿಗೆ

ಕಪಿಲಾ ನದಿಯ ದಂಡೆ, ಸುತ್ತೂರು ಮಗ್ಗುಲು.

ಗೇಮಿಂಗ್ ಮೋಡೆಮ್, ಗೇಮಿಂಗ್ ರೂಟರ್ ಮುಂತಾದ ಪೆಟ್ಟಿಗೆಗಳನ್ನು ತಯಾರಿಸಿ, ಒಳಗೊಂದು ಕೆಂಪು ದೀಪ ಹಚ್ಚಿ, ಲೋಕಕ್ಕೆಲ್ಲ ಹಂಚುತ್ತಿರುವ ಮಹಾಶಯರಿಗೆ, ಟೆಲಿಫೋನ್ ಕಂಬ ಹತ್ತಿ ಇಳಿದೇ ಸರ್ವೀಸು ಮುಗಿಸಿದ ಲೈನ್‌ಮನ್ ಒಬ್ಬನ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಸಮಾಚಾರ ಕೇಳುವುದು ಪದ್ಧತಿ. ಆದರೆ ನಮ್ಮಕ್ಕನ ಮಗ ಡೈರಿ ಬಟವಾಡೆ ಕೂಡಿಟ್ಟು 14 ಸಾವಿರ ರೂಪಾಯಿ ನಿಮಗೆ ಕಳಿಸಿದ ಮೇಲೆ ನೀವು ಕ್ಷೇಮವಾಗಿಯೇ ಇರುತ್ತೀರೆಂದು ನಂಬಿ ಆ ಪ್ರಶ್ನೆ ಬಿಟ್ಟಿದ್ದೇನೆ. ಪೆಟ್ಟಿಗೆ ತಲುಪಿತು. ಎಂಟು ಆಂಟೆನಾ ಕೊಂಬುಗಳಿವೆ. ನಮ್ಮ ಕಡೆಯ ಹಳ್ಳಿಕಾರ್ ಎತ್ತಿಗೆ ಎರಡೇ. ಅಷ್ಟರಲ್ಲೇ ಗದ್ದೆ ಉತ್ತು, ಗಾಡಿ ಎಳೆದು, ಬೇಕಾದರೆ ಹಾಯುವ ಕೆಲಸವನ್ನೂ ಮುಗಿಸುತ್ತದೆ. ಅಕ್ಕ ನಿಮ್ಮ ಪೆಟ್ಟಿಗೆಯನ್ನು ದೇವರಮನೆಯ ಗೂಡಿನ ಪಕ್ಕ ಇರಿಸಿದ್ದಾಳೆ. ಬಣ್ಣ ಬದಲಿಸುವ ದೀಪ ಚೆನ್ನಾಗಿದೆಯಂತೆ. ಈ ಸಲ ಗೌರಿ ಹಬ್ಬಕ್ಕೆ ಸೀರಿಯಲ್ ಸೆಟ್ ತರುವ ಖರ್ಚು ಉಳಿಯಿತಂತೆ.

ಈಗ ಬರೆಯಲು ಕಾರಣವೇನೆಂದರೆ, ಪೆಟ್ಟಿಗೆ ಬಂದ ಮೇಲೂ ಹುಡುಗ ಸಾಯುತ್ತಲೇ ಇದ್ದಾನೆ. ಗಾಬರಿಯಾಗಬೇಡಿ, ಆಟದೊಳಗೆ. "ಲ್ಯಾಗ್ ಹೊಡೀತದೆ ಕಣ್ ಮಾವ. ನಾ ಗುಂಡು ಹೊಡ್ದಾಗ ಅವ್ನು ಅಲ್ಲೇ ಇರ್ತನೆ, ಗುಂಡು ಹೋಗೋ ಹೊತ್ಗೆ ಇರಕಿಲ್ಲ" ಎಂದು ಅಲವತ್ತುಕೊಳ್ಳುತ್ತಾನೆ. ನಿಮ್ಮ ಪೆಟ್ಟಿಗೆಯ ಮೇಲೆ ಮಾತ್ರ ಲ್ಯಾಗ್ ಇಲ್ಲವೇ ಇಲ್ಲ ಎಂದು ಬೆಳ್ಳಿ ಅಕ್ಷರದಲ್ಲಿ ಅಚ್ಚಾಗಿದೆ. ಹುಡುಗ ಆಡುವುದು ಪೆಟ್ಟಿಗೆಯ ಮೇಲಲ್ಲವಾದ್ದರಿಂದ ಆ ಸುಖ ಅವನಿಗೆ ದಕ್ಕಿಲ್ಲ.

ಅವನು ಸೋಮಾರಿಯೆಂದು ತಿಳಿಯಬೇಡಿ. ಆ ಆಟದ ಮೇಲೆ ಅವನಿಗಿರುವ ನಿಷ್ಠೆ ದೊಡ್ಡದು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್ಜಿಯನ್ನು ನಿಷೇಧಿಸಿದಾಗ ಎರಡು ಹೊತ್ತು ಊಟ ಬಿಟ್ಟ. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿಟ್ಟುಕೊಂಡು ಬಂದಿತು, 2022ರ ಜುಲೈಯಲ್ಲಿ ಅಂಗಡಿಯಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಹುಡುಗ ಅಷ್ಟೂ ಕಾಲ ಕಾದ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ದುಡ್ಡು ಕಟ್ಟಿ ಆಡುವ ಆಟಗಳಿಗೆ ಬೀಗ ಬಿತ್ತಲ್ಲ, ಆಗ ನಮ್ಮ ಭಾವ ಖುಷಿಯಾಗಿ "ಇನ್ನಾದ್ರೂ ಗದ್ದೆ ಕಡೆ ಬಾ" ಎಂದರು. ಹುಡುಗ ಅದೇ ಕಾಯ್ದೆಯಲ್ಲಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಇದೆಯೆಂಬ ಸಾಲನ್ನು ಹುಡುಕಿ ತೋರಿಸಿದ. "ನೋಡಪ್ಪ, ಪಾರ್ಲಿಮೆಂಟೇ ಒಪ್ಕಂಡದೆ." ಭಾವ ಒಬ್ಬರೇ ಗದ್ದೆಗೆ ಹೋದರು.

ಇಂಥ ಜಾಣ ನಿಮ್ಮಲ್ಲಿ ಹೇಗೆ ಸಿಕ್ಕಿಬಿದ್ದ ಎಂಬುದೇ ನನ್ನ ಚಿಂತೆ. ಪ್ರತಿವರ್ಷ ಜನವರಿ, ಫೆಬ್ರವರಿ ಹೊತ್ತಿಗೆ ಸುತ್ತೂರು ಜಾತ್ರೆ ಆರು ದಿನ ನಡೆಯುತ್ತದೆ. ರಥೋತ್ಸವ, ಸಾಮೂಹಿಕ ವಿವಾಹ, ಕುಸ್ತಿ, ಭಜನಾ ಮೇಳ ಎಲ್ಲ ಇರುತ್ತದೆ. ದನಗಳ ಜಾತ್ರೆಯೂ ಇರುತ್ತದೆ. ಅಲ್ಲಿ ಒಂದು ಜೊತೆ ಎತ್ತು ಕೊಳ್ಳುವ ನಮ್ಮ ರೈತ ಹಲ್ಲು ಬಿಡಿಸಿ ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು. ಕೊಂಬಿಗೆ ಬಣ್ಣ ಬಳಿದಿದೆ, ಕುಚ್ಚು ಕಟ್ಟಿದೆ ಎಂದು ದುಡ್ಡು ಎಣಿಸಿದವನನ್ನು ನಾನು ಇಂದಿಗೂ ಕಂಡಿಲ್ಲ. ಆ ಜಾತ್ರೆಯಲ್ಲೇ ಓಡಾಡಿ ಬೆಳೆದ ಹುಡುಗ ನಿಮ್ಮ ಮುಂದೆ ಮಾತ್ರ ಕೊಂಬು ಎಣಿಸಿ ದುಡ್ಡು ಕೊಟ್ಟ!

ಎಣಿಸಿದ್ದು ಕೊಂಬನ್ನಷ್ಟೇ ಅಲ್ಲ, ಎಂಬಿಪಿಎಸ್ ಅನ್ನೂ. ನಿಮ್ಮ ಜಾಹೀರಾತಿನಲ್ಲಿ ಸಾವಿರದ ಕೆಳಗಿನ ಅಂಕಿಗೆ ಮರ್ಯಾದೆಯೇ ಇಲ್ಲ. ಆದರೆ ಹುಡುಗನ ಆಟ ಒಂದು ಗಂಟೆಗೆ ತಿನ್ನುವುದು ಹೆಚ್ಚೆಂದರೆ 100 ಎಂಬಿಯ ಆಸುಪಾಸು. ಭಾಗಿಸಿ ನೋಡಿ: ಸೆಕೆಂಡಿಗೆ ಕಾಲು ಮೆಗಾಬಿಟ್ಟೂ ಆಗುವುದಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿ ಬ್ರಾಡ್‌ಬ್ಯಾಂಡ್ ಎನ್ನಲು 256 ಕೆಬಿಪಿಎಸ್ ಇದ್ದರೆ ಸಾಕು ಎಂದಿತ್ತು. ನಾನು ತಾಮ್ರದ ಜೋಡಿ ತಂತಿ ಎಳೆದು, ಸ್ಪ್ಲಿಟರ್ ಸಿಕ್ಕಿಸಿ, ಮನೆಮನೆಗೆ ಕೊಟ್ಟುಬರುತ್ತಿದ್ದ ಆ ಬಡ ವೇಗದೊಳಗೂ ಈ ಆಟದ ಲೆಕ್ಕ ಹಿಡಿಸುತ್ತಿತ್ತು. ಈಗ ಸರ್ಕಾರದ ಕನಿಷ್ಠ ಮಿತಿಯೇ 2 ಎಂಬಿಪಿಎಸ್. ಹುಡುಗನ ಮನೆಗೆ 100 ಬರುತ್ತಿದೆ. ಅವನಿಗೆ ಬೇಕಾದ್ದು ಒಂದೇ: ಹೋದದ್ದು ಹೊತ್ತಿಗೆ ಸರಿಯಾಗಿ ತಿರುಗಿ ಬರಬೇಕು, ಪ್ರತಿಸಲವೂ ಹಾಗೆಯೇ ಬರಬೇಕು. ಮಿಲಿಸೆಕೆಂಡಿನ ಆ ಲೆಕ್ಕ ನಿಮ್ಮ ಪೆಟ್ಟಿಗೆಯ ಆರು ಮುಖಗಳಲ್ಲಿ ಎಲ್ಲೂ ಇಲ್ಲ. ಭೂತಗನ್ನಡಿ ಹಿಡಿದು ಹುಡುಕಿದ್ದೇನೆ.

ಗಾಜಿನ ಎಳೆಯೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಆಟದ ಸರ್ವರ್ ಮುಂಬೈಯಲ್ಲಿದೆ ಎಂದುಕೊಂಡರೂ, ಮೈಸೂರು ಸೀಮೆಯಿಂದ ಅಲ್ಲಿಗೆ ರಸ್ತೆಯ ಲೆಕ್ಕದಲ್ಲಿ 1100 ಕಿಲೋಮೀಟರ್ ಹತ್ತಿರ. ಹೋಗಿ ಬರಲು 11 ಮಿಲಿಸೆಕೆಂಡು ಬೇಕೇ ಬೇಕು. ನಡುವಿನ ಯಂತ್ರಗಳ ಪಾಲು ಸೇರಿದರೆ ಇನ್ನಷ್ಟು. ಸರ್ವರ್ ಸಿಂಗಾಪುರದಲ್ಲಿದ್ದರೆ ಸಮುದ್ರ ದಾಟುವ ಬಾಡಿಗೆ ಬೇರೆ. ನಿಮ್ಮ ಪೆಟ್ಟಿಗೆಯಲ್ಲಿ ‘ಗೇಮ್ ಬೂಸ್ಟ್’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಮುಂಬೈ ನಮ್ಮ ನಂಜನಗೂಡಿಗೆ ಹತ್ತಿರವಾಗುತ್ತದೆಯೇ ಎಂದು ತಿಳಿಸಬೇಕಾಗಿ ವಿನಂತಿ. ಆಗುವುದಾದರೆ ಮಾರ್ಕೆಟ್ಟಿಗೆ ಬಾಳೆಕಾಯಿ ಕಳಿಸಲು ನಾವೂ ಒತ್ತುತ್ತೇವೆ.

ನಿಮ್ಮ ಕುಲದ ಒಂದು ಹಳೆಯ ಕಥೆ ನನಗೆ ಗೊತ್ತಿದೆ, ಬೇಸರಿಸಬೇಡಿ. ಅಮೆರಿಕದಲ್ಲಿ ಟಿವಿ ಕೇಬಲ್ಲಿನಲ್ಲೇ ಇಂಟರ್ನೆಟ್ ಹರಿಸುವ ಡಾಕ್ಸಿಸ್ ಎಂಬ ಪದ್ಧತಿ 1997ರಿಂದ ಇದೆ. ಅಲ್ಲಿ ಗಿರಾಕಿ ಕಂಪನಿಗೆ ತಿಂಗಳ ಬಾಡಿಗೆ ಕೊಡುವ ಬದಲು ತನ್ನದೇ ಮೋಡೆಮ್ ತರಬಹುದು. ಹಾಗಾಗಿ ಮೋಡೆಮ್ ಆರಿಸುವುದೇ ಒಂದು ವಿದ್ಯೆ. ಅರಿಸ್ ಕಂಪನಿಯ ಎಸ್‌ಬಿ6183 ಎಂಬ ಮೋಡೆಮ್ಮಿನಲ್ಲಿ ಡೌನ್‌ಲೋಡಿಗೆ 16 ಚಾನೆಲ್ ಇದ್ದವು, ಒಳಗೆ ಬ್ರಾಡ್‌ಕಾಂ ಚಿಪ್. ಅದರ ಅಣ್ಣ ಎಸ್‌ಬಿ6190 ಬಂತು: 32 ಚಾನೆಲ್, ಇಂಟೆಲ್‌ನ ಪ್ಯೂಮಾ 6 ಚಿಪ್, ಬೆಲೆಯೂ ಹೆಚ್ಚು, ಪೆಟ್ಟಿಗೆಯ ಮೇಲಿನ ಅಂಕಿ ತಮ್ಮನದರ ಎರಡರಷ್ಟು. ಆಟದ ಹುಡುಗರೂ ಕೊಂಡರು. ಕೊಂಡ ಮೇಲೆ ನೋಡಿದರೆ ಎರಡು ಸೆಕೆಂಡಿಗೊಮ್ಮೆ ಎಂಬಂತೆ ಪಿಂಗ್, ಅಂದರೆ ಹೋಗಿ ಬರುವ ಹೊತ್ತು, ನೆಗೆಯುತ್ತಿದೆ, ಕೆಲವೊಮ್ಮೆ 200 ಮಿಲಿಸೆಕೆಂಡಿನ ಮೇಲಕ್ಕೆ. ಚಿಪ್ಪಿನೊಳಗೆ ನಡುನಡುವೆ ಇನ್ನೇನೋ ಕೆಲಸ ಎದ್ದು ಪ್ಯಾಕೆಟ್‌ಗಳು ಕಾಯುತ್ತಿದ್ದವು. 2016ರ ಕೊನೆಗೆ ಸಂಗತಿ ಬಯಲಾಯಿತು, 2017ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಅರಿಸ್ ಮೇಲೆ ಮೊಕದ್ದಮೆ ಬಿತ್ತು. ಅರ್ಧ ಚಾನೆಲ್ಲಿನ ತಮ್ಮನ ಮೇಲೆ ಆಟ ನೆಮ್ಮದಿಯಾಗಿ ನಡೆಯುತ್ತಿತ್ತು. ವೇಗದ ಪರೀಕ್ಷೆಯಲ್ಲಿ ಅಣ್ಣನಿಗೆ ಪೂರ್ತಿ ಅಂಕ, ಏಕೆಂದರೆ ಆ ಪರೀಕ್ಷೆಯ ದೊಡ್ಡ ಅಂಕಿ ಸೆಕೆಂಡಿಗೆ ಎಷ್ಟು ಬಂತು ಎಂದು ಹೇಳುತ್ತದೆಯೇ ಹೊರತು ಎಷ್ಟು ತಡವಾಗಿ ಬಂತು ಎಂದಲ್ಲ.

ಇಷ್ಟೆಲ್ಲ ಓದಿಕೊಂಡ ನಮ್ಮ ಹುಡುಗ ‘ಒಳ್ಳೆಯ ಕೇಬಲ್ ಮೋಡೆಮ್’ ಹುಡುಕುತ್ತಿದ್ದ. ಮಹಾಶಯರೇ, ನಮ್ಮೂರಲ್ಲಿ ಆ ವಸ್ತುವಿಗೆ ಕೆಲಸವೇ ಇಲ್ಲ. ಟಿವಿ ಕೇಬಲ್ ಎಳೆದವನೇ ಈಗ ಫೈಬರ್ ಎಳೆಯುತ್ತಾನೆ. ಅವನು ತಂದು ಗೋಡೆಗೆ ಹೊಡೆಯುವ ಬಿಳಿ ಡಬ್ಬಿ ಒಎನ್‌ಯು. ಅದರ ಸೀರಿಯಲ್ ನಂಬರು ಅವನ ಕಡೆಯ ಯಂತ್ರದಲ್ಲಿ ನಮೂದಾಗಿದ್ದರೆ ಮಾತ್ರ ಲೈನು. ಅಂದರೆ ಹುಡುಗನಿಗೆ ಆರಿಸುವ ಹಕ್ಕಿದ್ದದ್ದು ಬಿಳಿ ಡಬ್ಬಿಯ ಆಚೆಯ ರೂಟರಿನಲ್ಲಿ ಮಾತ್ರ. ನೀವು ಅಲ್ಲಿಗೇ ಎಂಟು ಕೊಂಬು ಇಳಿಸಿದಿರಿ. ಒಂದು ಎಳೆ ಫೈಬರನ್ನು 32 ಮನೆಗೋ 64 ಮನೆಗೋ ಸೀಳಿರುತ್ತಾರೆ. ಅಲ್ಲಿಂದ ಎಳೆ ತೆಂಗಿನ ಮರದಿಂದ ತೆಂಗಿನ ಮರಕ್ಕೆ, ಮರದಿಂದ ಕರೆಂಟ್ ಕಂಬಕ್ಕೆ, ಕಂಬದಿಂದ ಅಕ್ಕನ ಮನೆ ಸೂರಿಗೆ. ಅಳಿಲಿಗೆ ಅದರ ರುಚಿ ಗೊತ್ತು. ಕಬ್ಬು ಕಡಿಯುವ ಕಾಲ ಬಂತೆಂದರೆ ಲೋಡು ಮೀರಿದ ಟ್ರ್ಯಾಕ್ಟರ್ ಒಂದಲ್ಲ ಒಂದು ಬೀದಿಯ ಇಂಟರ್ನೆಟ್ಟನ್ನು ಜಲ್ಲೆಯ ಜೊತೆಗೇ ಫ್ಯಾಕ್ಟರಿಗೆ ಕೊಂಡೊಯ್ಯುತ್ತದೆ. ಆಗ ಬಿಳಿ ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕುತ್ತದೆ. ನಿಮ್ಮ ಪೆಟ್ಟಿಗೆಯ ಕೆಂಪು ದೀಪಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಕೇಬಲ್ ಹುಡುಗನನ್ನು ಕರೆಸಿದೆ. "ಮೋಡಮ್ಮು ಸರಿಗದೆ ಸಾ, ಸ್ಪೀಡ್ ನೋಡಿ, ತೊಂಬತ್ತೆಂಟು ಬತ್ತಾ ಅದೆ" ಎಂದು ಫೋನು ತೋರಿಸಿದ.

"ಸ್ಪೀಡ್ ಬುಡಪ್ಪ, ಬೆಳಕೆಷ್ಟು ಬತ್ತಾ ಅದೆ ಹೇಳು" ಎಂದೆ. ಮೀಟರ್ ಹಚ್ಚಿದ. ಮೈನಸ್ 27 ಡಿಬಿಎಂ. ಇನ್ನೊಂದು ಚೂರು ಇಳಿದರೆ ಡಬ್ಬಿಗೆ ಕಣ್ಣೇ ಕಾಣಿಸದು. ತೆಂಗಿನ ಮರದ ಮೇಲಿನ ಜಾಯಿಂಟಿನಲ್ಲಿ ಎಳೆ ಮಡಚಿಕೊಂಡಿತ್ತು. ಹೊಸದಾಗಿ ಸ್ಪ್ಲೈಸ್ ಮಾಡಿದ ಮೇಲೆ ಮೈನಸ್ 19ಕ್ಕೆ ಬಂತು. ಈ ಕೆಲಸಕ್ಕೆ ನಿಮ್ಮ ಪೆಟ್ಟಿಗೆಯ ಎಂಟು ಕೊಂಬುಗಳಲ್ಲಿ ಯಾವುದೂ ನೆರವಾಗಲಿಲ್ಲವೆಂದು ವರದಿ ಮಾಡಲು ವಿಷಾದಿಸುತ್ತೇನೆ.

ಆಮೇಲೆ ಪಿಂಗ್ ಪರೀಕ್ಷೆಗೆ ಕೂತೆವು. ಆ ಪುಟ್ಟ ಪ್ರೋಗ್ರಾಂ ಬರೆದವರು ಮೈಕ್ ಮೂಸ್, 1983ರ ಡಿಸೆಂಬರಿನಲ್ಲಿ, ಅಮೆರಿಕ ಸೇನೆಯ ಒಂದು ಸಂಶೋಧನಾಲಯದಲ್ಲಿ ಕೂತು. ಅದಕ್ಕೆ ಅಂದಿನಿಂದ ಇಂದಿನವರೆಗೂ ಕಾಸಿಲ್ಲ. ಬಹುಶಃ ಅದಕ್ಕೇ ನೀವು ಅದರ ಹೆಸರೆತ್ತುವುದಿಲ್ಲ. ಮೊದಲು ಮನೆಯೊಳಗೇ, ರೂಟರಿಗೆ ಪಿಂಗ್ ಮಾಡಿಸಿದೆ. ವೈರ್ ಸಿಕ್ಕಿಸಿದ ಲ್ಯಾಪ್‌ಟಾಪಿನಿಂದ ಒಂದು ಮಿಲಿಸೆಕೆಂಡಿನ ಒಳಗೆ ಉತ್ತರ. ಹುಡುಗ ಆಡುವ ಹಿತ್ತಲ ಕೋಣೆಯಿಂದ, ವೈಫೈಯಲ್ಲಿ, 4, 7, 90, 5, 160. ಅಕ್ಕನದು ಹಳೆಯ ತೊಟ್ಟಿ ಮನೆ, ಗೋಡೆ ಒಂದೂವರೆ ಅಡಿ ಮಣ್ಣು. ಗುಂಡು ಮುಂಬೈ ಮುಟ್ಟುವುದು ಹಾಗಿರಲಿ, ನಡುಮನೆ ದಾಟುವಷ್ಟರಲ್ಲೇ ಎಡವುತ್ತಿತ್ತು. ಈ ಒಂದು ಪರೀಕ್ಷೆ ಮಾಡದೆ ರೂಟರ್ ಬದಲಿಸುವವನಿಗೆ ಯಾವ ಕಂಪನಿಯ ಪೆಟ್ಟಿಗೆಯೂ ಒಂದೇ.

ಎರಡನೆಯದು ಕೇಬಲ್‌ನವನ ಕಡೆಯ ಮೊದಲ ಯಂತ್ರಕ್ಕೆ. ಟ್ರೇಸರ್ಟ್ ಎಂಬ ಕಮಾಂಡ್ ಹಾಕಿದರೆ ಅದರ ವಿಳಾಸ ಸಿಗುತ್ತದೆ. ಬೆಳಗ್ಗೆ ಅಂಕಿ ಬಂಗಾರ. ರಾತ್ರಿ ಒಂಬತ್ತರ ಮೇಲೆ, ಊರೆಲ್ಲ ಕ್ರಿಕೆಟ್ಟು ನೋಡುವಾಗ ಮಾಡಿದ್ದೇ ಲೆಕ್ಕಕ್ಕೆ ಬರುವ ಪರೀಕ್ಷೆ. ಅಲ್ಲಿ ನಮ್ಮ ಕೇಬಲ್‌ನವನು ಪಾಸಾದ, ಜಸ್ಟ್ ಪಾಸು.

ಮೂರನೆಯ ಪರೀಕ್ಷೆಯೇ ಅಸಲಿನದು. ಪಿಂಗ್ ಓಡುತ್ತಿರುವಾಗಲೇ ಅಕ್ಕನ ಮಗಳಿಗೆ ಮದುವೆ ವಿಡಿಯೋ ಅಪ್‌ಲೋಡ್ ಮಾಡಲು ಹೇಳಿದೆ. 28 ಇದ್ದದ್ದು 340ಕ್ಕೆ ನೆಗೆಯಿತು. ವಿಡಿಯೋ ಮುಗಿಯಿತು, 28ಕ್ಕೇ ಇಳಿಯಿತು. ಯಂತ್ರದೊಳಗಿನ ನೆನಪಿನ ಜಾಗ ಹೆಚ್ಚಾಗಿ, ಬಂದದ್ದನ್ನೆಲ್ಲ ಪೇರಿಸಿಟ್ಟುಕೊಂಡು, ಆಟದ ಚಿಕ್ಕ ಪ್ಯಾಕೆಟ್ಟನ್ನು ವಿಡಿಯೋದ ಹಿಂದೆ ನಿಲ್ಲಿಸುವ ಈ ಕಾಯಿಲೆಗೆ ಜಿಮ್ ಗೆಟ್ಟಿಸ್ ಎಂಬವರು 2010ರ ಸುಮಾರಿಗೇ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಮದ್ದು ಕಂಡುಹಿಡಿದರು. ಅದರ ಸುಧಾರಿತ ರೂಪ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶದಲ್ಲಿ ಬರುತ್ತದೆ. ಹಳೆಯ ಅಗ್ಗದ ಎಷ್ಟೋ ರೂಟರುಗಳ ಮೇಲೂ ಓಡುತ್ತದೆ. ವೇಗದ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ಶೇಕಡ ಹತ್ತು ಹದಿನೈದರಷ್ಟು ಕಡಿಮೆ ಇಡಬೇಕು, ಅಷ್ಟೆ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಎರಡು ಕೊಂಬಿನ ರೂಟರಿಗೆ ಅದನ್ನು ಹಾಕಿ, ಬಿಳಿ ಡಬ್ಬಿಯಿಂದ ಹಿತ್ತಲ ಕೋಣೆಗೆ ವೈರ್ ಎಳೆದು, ಎಂಟು ಕೊಂಬಿನದರ ಬದಲು ಅಲ್ಲೇ ಕೂರಿಸಿದೆವು. ಅದೇ ವಿಡಿಯೋ ಮತ್ತೆ ಅಪ್‌ಲೋಡಿಗೆ ಹಾಕಿದರೆ ಪಿಂಗ್ 40 ದಾಟಲಿಲ್ಲ. ಹುಡುಗ ಈಗಲೂ ಸಾಯುತ್ತಾನೆ. ಆದರೆ ಅದು ಅವನ ಆಟದ ಯೋಗ್ಯತೆ. ಮೋಡೆಮ್ಮಿಗೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನದು ಒಂದೇ ಅಹವಾಲು. ಕೊಂಬು ಎಷ್ಟಾದರೂ ಇಡಿ, ದೀಪಕ್ಕೆ ಬೇಕಾದ ಬಣ್ಣ ಕೊಡಿ, ಅಕ್ಕನ ಅಡ್ಡಿಯಿಲ್ಲ. ಪೆಟ್ಟಿಗೆಯ ಮೇಲೆ ಒಂದೇ ಒಂದು ಅಂಕಿ ಸೇರಿಸಿ: ಲೈನು ತುಂಬಿ ಹರಿಯುವಾಗ ನಿಮ್ಮ ಯಂತ್ರ ಎಷ್ಟು ಮಿಲಿಸೆಕೆಂಡು ತಡಮಾಡುತ್ತದೆ ಎಂಬುದು. ಅಚ್ಚು ಹಾಕಲು ಜಾಗವಿಲ್ಲವೆಂದರೆ ಲ್ಯಾಗ್ ಇಲ್ಲವೆಂಬ ಆ ಬೆಳ್ಳಿ ಅಕ್ಷರಗಳನ್ನು ತೆಗೆಯಿರಿ, ಬೇಕಾದಷ್ಟು ಜಾಗವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಂಬ ಇಳಿದ ಲೈನ್‌ಮನ್

ತಾ.ಕ.: ಇದನ್ನು ಓದುವ ನಮ್ಮ ಕಡೆಯ ಹುಡುಗರೇ, ದುಡ್ಡು ಕಳಿಸುವ ಮೊದಲು ಕೇಬಲ್‌ನವನಿಂದ ಬೆಳಕಿನ ಅಂಕಿ ಕೇಳಿ, ಮನೆಯವರು ವಿಡಿಯೋ ಕಳಿಸುವಾಗ ಪಿಂಗ್ ನೋಡಿ. ನಂಜನಗೂಡು ಪೇಟೆಯಲ್ಲಿ ಲ್ಯಾನ್ ವೈರು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.